ಶಲ್ಯ ಕರಗಿದ ಮಧ್ಯಾಹ್ನ

ಸೋಸುವ ಕಾಗದ ಮುಗಿದದ್ದೇ ಎಲ್ಲಕ್ಕೂ ಮೂಲ.

ಕಪನೂರಿನ ಪುಟ್ಟ ಪ್ರಯೋಗಾಲಯವೊಂದರಲ್ಲಿ ದೇವೀಂದ್ರಪ್ಪ ಹಂಗಾಮಿ ಸಹಾಯಕ. ಕಂದು ಕಲ್ಲಿದ್ದಲು ಕರಗಿಸುವ ಸಂಶೋಧನೆ ಮುಗಿದೊಡನೆ ಅವನ ನೌಕರಿ ಕಾಯಂ ಎಂದು ಮಾತಾಗಿತ್ತು. ಕಾಯಂ ಆದೊಡನೆ ಮಗಳು ಕಾವೇರಿಯನ್ನು ಕೊಡುವುದಾಗಿ ಕಮಲಾಪುರದ ಭಾಗಮ್ಮ ಒಪ್ಪಿದ್ದಳು. ಇಂದು ಪರೀಕ್ಷಕರು ಬಂದು ಮುಗಿಯಿತೆಂದು ಬರೆದರೆ ಸಾಕು.

ಸಂಶೋಧಕಿ ಆಸ್ಫಿಯಾಳ ದ್ರವ ಸಾಮಾನ್ಯದ್ದಲ್ಲ. ಅದು ಉಪ್ಪು, ಆದರೂ ಎಣ್ಣೆಯಂತೆ ಹರಿಯುವುದು, ಕಾಯಿಸಿದರೂ ಆವಿಯಾಗದು. ಕಲ್ಲಿದ್ದಲು ಅದರಲ್ಲಿ ಬಿಸಿನೀರಿಗೆ ಬಿದ್ದ ಬೆಲ್ಲದಂತೆ ಕರಗುವುದು. ನೀರು ಬೆರೆಸಿದರೆ ಬೇರಾಗಿ ತಳ ಸೇರುವುದು. ಆ ನೀರನ್ನು ಕುದಿಸಿ ಕಳೆದರೆ ದ್ರವ ಮೊದಲಿನಂತೆಯೇ ಮರಳಿ ದಕ್ಕುವುದು. ಮೂರು ವರ್ಷ ಕಂಡರೂ ದೇವೀಂದ್ರಪ್ಪನ ಬೆರಗು ಹಳೆಯದಾಗಿರಲಿಲ್ಲ.

ಪರೀಕ್ಷಕರನ್ನು ಕರೆತರಲು ಹೊರಟ ಆಸ್ಫಿಯಾ, ಕಲ್ಲಿದ್ದಲು ಕರಗಿದ ಬಿಸಿ ದ್ರವದಿಂದ, ಕರಗದೆ ಉಳಿದ ಮರಳನ್ನು ಸೋಸಿಡಲು ಹೇಳಿ ಹೋದಳು. ಕಾಗದವಿಲ್ಲ. ಅವನ ಮನೆಯಲ್ಲಿ ಮಜ್ಜಿಗೆಯಿಂದ ಕಷಾಯದವರೆಗೆ ಎಲ್ಲವನ್ನೂ ಸೋಸುವುದು ಬಟ್ಟೆಯಲ್ಲೇ. ಹೆಗಲ ಮೇಲಿನ ಹೊಸ ಹತ್ತಿ ಶಲ್ಯವನ್ನು ಪಾತ್ರೆಯ ಬಾಯಿಗೆ ಕಟ್ಟಿ ಸುರಿದ.

ಶಲ್ಯ ಮೊದಲು ಮೆತ್ತಗಾಯಿತು. ಆಮೇಲೆ, ಬಿಸಿ ಹೋಳಿಗೆಯ ಮೇಲಿಟ್ಟ ತುಪ್ಪದಂತೆ, ಮಾಯವಾಯಿತು. ಕೈಯಲ್ಲಿ ಉಳಿದದ್ದು ನೈಲಾನ್ ಅಂಚು ಮಾತ್ರ.

ಕಾವಲುಗಾರ ಚಾಂದಪಾಶಾ ಇಣುಕಿ ನೋಡಿ, ಕೇಳದೆಯೇ ಸಲಹೆ ಕೊಟ್ಟ.

"ನೀರ್ ಹಾಕಿದ್ರ ಕಲ್ಲಿದ್ದಲು ಹೊರಗ ಬರ್ತದಲ್ಲ ಭಾಯ್? ನಿನ್ನ ಶಲ್ಯ ಏನ್ ಅದಕಿಂತ ದೊಡ್ಡ ಮನಿತನದ್ದೇನ್?"

ನೀರು ಸುರಿದರು. ತಳದಲ್ಲಿ ಕಪ್ಪು ಲೋಳೆಯೊಂದು ಕೂಡಿತು. ಅದನ್ನು ಗಾಜಿನ ಕಡ್ಡಿಯಿಂದೆತ್ತಿ ಬಚ್ಚಿಡುವಷ್ಟರಲ್ಲಿ ಆಸ್ಫಿಯಾಳೊಡನೆ ಪರೀಕ್ಷಕರು ಬಾಗಿಲಲ್ಲಿದ್ದರು. ಲೋಳೆ ಕಡ್ಡಿಯ ತುದಿಯಿಂದ ಜಾರಿ, ಹರಿಯದೆ, ಮಿನುಗುವ ಕರಿ ನೂಲಾಗಿ ಮಾರುದ್ದ ಇಳಿಯಿತು.

"ತಪ್ಪು ನಂದೇರಿ ಸಾಹೇಬ್ರ. ಶಲ್ಯದಾಗ ಸೋಸೀನ್ರಿ," ಎಂದ ದೇವೀಂದ್ರಪ್ಪ.

ಪರೀಕ್ಷಕರು ನೀರನ್ನು ಕುದಿಸಿ ಕಳೆಯಿಸಿದರು. ದ್ರವ ಪಾತ್ರೆಯ ಮೇಲೆ ಬೆಳಿಗ್ಗೆ ಹಾಕಿದ್ದ ಗುರುತಿಗೇ ಬಂದು ನಿಂತಿತು. ಅವರು ನೂಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಗರ್ಭಗುಡಿಯಲ್ಲಿ ನಿಂತವರಂತೆ ದನಿ ತಗ್ಗಿಸಿದರು.

"ಹತ್ತಿ, ಕಲ್ಲಿದ್ದಲು ಒಂದೇ ಎಳಿ ಆಗ್ಯಾವ. ಕೆಲಸ ಮುಗೀತಂತ ಬರೀಲಿಕ್ಕೆ ಬಂದಿದ್ದೆ, ಇನ್ನ ಹ್ಯಾಂಗ ಬರೀಲಿ? ಇದು ಇನ್ನೂ ಐದು ವರ್ಷದ ಕೆಲಸ ಅದ. ಅಲ್ಲೀತನಕ ಈ ಮನಷಾನ್ನ ಹಂಗಾಮಿ ಇದ್ದಹಂಗೇ ಇಟ್ಕೋರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕಮಲಾಪುರದಿಂದ ಫೋನು ಬಂತು.

"ಕೆಲಸ ಮುಗೀತೇನಪಾ?" ಎಂದಳು ಭಾಗಮ್ಮ.

ದೇವೀಂದ್ರಪ್ಪ ಇನ್ನೂ ಆ ನೂಲನ್ನೇ ನೋಡುತ್ತಿದ್ದ.

"ಈಗ ಸುರು ಆಗ್ಯಾದ್ರಿ, ಅತ್ತಿ."