ಸಾಕು ಎಂದರೆ ಸಾಲದು

ಪರದೇಶದ ಹ್ಯಾರಿಸ್‌ಡೇಲಿನ ಮಗನ ಮನೆಯಲ್ಲಿ ಹೊನ್ನಪ್ಪನವರ ಯುಗಾದಿ ಕೆಟ್ಟಿದ್ದು ಮೊಮ್ಮಗಳ ಹೋಂವರ್ಕಿನಿಂದ.

ಸೊಸೆ ಮೈಥಿಲಿ ಡಾಕ್ಟರು. ಬೆಳಿಗ್ಗೆ ಹೂರಣ ರುಬ್ಬುತ್ತಲೇ ತೀರ್ಪು ಕೊಟ್ಟಿದ್ದಳು. "ಮಾವ, ನಾಲ್ಕು ಗಂಟೆಗೆ ಶುಗರ್ ನೋಡ್ತೀನಿ. ಈ ಮೆಷಿನ್ನಲ್ಲಿ ಹತ್ತರೊಳಗೆ, ಅಂದ್ರೆ ನಮ್ಮೂರಿನ ಲೆಕ್ಕದಲ್ಲಿ ನೂರೆಂಬತ್ತರೊಳಗೆ, ಬಂದ್ರೆ ಎರಡು ಒಬ್ಬಟ್ಟು. ಮೇಲೆ ಹೋದ್ರೆ ವಾಸನೆ ಮಾತ್ರ."

ಆ ಎರಡು ಒಬ್ಬಟ್ಟಿಗಾಗಿ ಹೊನ್ನಪ್ಪನವರು ನಾಲ್ಕು ದಿನದಿಂದ ಸೊಪ್ಪು ತಿಂದು ತಿಂದು ಮೇಕೆಯಂತಾಗಿದ್ದರು.

ಅಷ್ಟರಲ್ಲಿ ಪ್ರಣತಿ ಕೈ ಹಿಡಿದೆಳೆದಳು. "ತಾತ, ಸ್ಕೂಲ್ ಪ್ರಾಜೆಕ್ಟ್. ಪೋಲಿಷ್ ಕಲ್ಚರ್ ಮೆಚ್ಚೋಕೆ ಫೈವ್ ರೀಸನ್ಸ್ ಬೇಕು. ಹಲೀನಾ ಆಂಟಿ ಮನೆಗೆ ಕಮ್ ವಿತ್ ಮಿ!"

ಹಲೀನಾ ಪಕ್ಕದ ಮನೆಯ ಅಜ್ಜಿ. ಪೋಲೆಂಡಿನಿಂದ ಮಗಳ ಮನೆಗೆ ಬಂದು ಆರು ತಿಂಗಳಾಗಿತ್ತು. ಇಂಗ್ಲಿಷು ಹೊನ್ನಪ್ಪನವರಿಗೆ ಎಷ್ಟು ಬರುತ್ತಿತ್ತೋ ಆಕೆಗೂ ಅಷ್ಟೇ ಬರುತ್ತಿತ್ತು, ಅಂದರೆ ಇಲ್ಲ. ಹೋದ ವಾರ ಮೈಥಿಲಿ ಆಕೆಗೆ ದೋಸೆ ಹುಯ್ಯುವುದನ್ನು ಕಲಿಸಿ, ಡಬ್ಬಿ ತುಂಬ ಹಿಟ್ಟನ್ನೂ ಕೊಟ್ಟು ಬಂದಿದ್ದಳು.

ಬಾಗಿಲಲ್ಲಿ ಹೊನ್ನಪ್ಪನವರು ಕೈ ಚಾಚಿದರು. ಹಲೀನಾ ತಲೆಯಾಡಿಸಿ, ಅವರನ್ನು ಹೊಸ್ತಿಲು ದಾಟಿಸಿದ ಮೇಲೆಯೇ ಕೈ ಕುಲುಕಿದಳು.

"ನೋಡು ಮಗೂ, ಇವರೂ ಹೊಸ್ತಿಲ ಮೇಲೆ ಕೈಗೆ ಕೈ ಕೊಡಲ್ಲ. ನಮ್ಮ ಕಡೆಯೋರ ಥರಾನೇ. ಬರ್ಕೋ, ಒಂದು."

ಗೋಡೆಯ ಮೇಲೆ ಬಣ್ಣದ ಕಾಗದ ಕತ್ತರಿಸಿ ಮಾಡಿದ ಹುಂಜಗಳಿದ್ದವು, ರಂಗೋಲಿಯೇ ಎದ್ದು ನಿಂತ ಹಾಗೆ. ಪ್ರಣತಿ "ಎರಡು" ಎಂದು ಬರೆದುಕೊಂಡು, ಮಿಕ್ಕ ಕಾರಣ ಹುಡುಕಲು ಆ ಮನೆಯ ಹುಡುಗಿಯ ಜೊತೆ ಹಿತ್ತಲಿಗೆ ಓಡಿದಳು.

ಹಲೀನಾ ಉದ್ದನೆಯ ಲೋಟದಲ್ಲಿ ಚೆರಿ ಹಣ್ಣಿನ ರಸ ತಂದಳು. ಕೊಟ್ಟಿದ್ದನ್ನು ಬಿಟ್ಟರೆ ಮನೆಯಾಕೆಗೆ ಅವಮಾನವೆಂದು ನಂಬಿ ಬೆಳೆದವರು ಹೊನ್ನಪ್ಪನವರು. ಕುಡಿದರು. ಆಕೆ ಮತ್ತೆ ಜಗ್ಗು ಎತ್ತಿದಾಗ ಕೈ ಅಡ್ಡ ಹಿಡಿದು, "ಸಾಕು, ಸಾಕು" ಎಂದರು.

"ಸೋಕು?" ಹಲೀನಾಳ ಮುಖ ಅರಳಿತು. "ಸೋಕು!" ಲೋಟ ತುಂಬಿತು.

"ಅಯ್ಯೋ ತಾಯಿ, ಸಾಕು!"

ಇನ್ನೊಂದು ಲೋಟ. ನಾಲ್ಕನೆಯದಕ್ಕೆ ಹೊನ್ನಪ್ಪನವರ ಹೊಟ್ಟೆ ಮಳೆಗಾಲದ ಕೆರೆಯಂತೆ ಕೋಡಿ ಬೀಳುವ ಹಾಗಾಗಿತ್ತು. ಬಾತ್‌ರೂಮಿಗೆ ಹೋಗಿ ಹಿಂದಿನ ಬೀದಿಯ ಉಮಾಕಾಂತನಿಗೆ ಫೋನು ಹಚ್ಚಿದರು. ಅವನು ಗಣಿಯಲ್ಲಿ ಪೋಲೆಂಡಿನವನೊಬ್ಬನ ಜೊತೆ ಎರಡು ವರ್ಷ ದುಡಿದವನು, ಕೇಳದಿದ್ದರೂ ಸಲಹೆ ಕೊಡುವವನು.

"ಅಂಕಲ್, ಅವರ ಭಾಷೇಲಿ ಸೋಕು ಅಂದ್ರೆ ಜ್ಯೂಸು ಬೇಕು ಅಂತ! ನೀವೇ ಕೇಳಿ ಕೇಳಿ ಕುಡೀತಿದ್ದೀರ. ಸುಮ್ನೆ 'ನೋ' ಅಂದ್ಬಿಡಿ, ಮುಗೀತು."

ಹೊರಗೆ ಬರುವಷ್ಟರಲ್ಲಿ ಗಸಗಸೆ ತುಂಬಿದ ಕೇಕು ಕಾದಿತ್ತು. ಹಲೀನಾ ದೊಡ್ಡದೊಂದು ತುಂಡಿನ ಮೇಲೆ ಚಾಕು ಇಟ್ಟು ಹುಬ್ಬೇರಿಸಿದಳು.

"ನೋ!" ಎಂದರು ಹೊನ್ನಪ್ಪನವರು, ಧೈರ್ಯವಾಗಿ. "ನೋ, ನೋ!"

ಹಲೀನಾ ಒಂದಲ್ಲ, ಮೂರು ತುಂಡು ಬಡಿಸಿದಳು.

ಮತ್ತೆ ಬಾತ್‌ರೂಮು. "ಅಯ್ಯಯ್ಯೋ, ಮರ್ತೇಬಿಟ್ಟಿದ್ದೆ ಅಂಕಲ್! ಅವರು 'ನೋ' ಅಂದ್ರೆ ನಾವು 'ಹೂಂ' ಅಂದಂಗೆ!"

"ಥೂ ನಿನ್ನ! ಹಂಗಾದ್ರೆ ಸಾಕು ಅನ್ನೋಕೆ ಏನನ್ಬೇಕೋ?"

"ದೋಶ್ಚ್. ನಾಲಿಗೆ ಹಲ್ಲಿಗೆ ಒತ್ತಿ ಹೇಳಿ. ದೋಶ್ಚ್."

ಒತ್ತಲು ಹೊನ್ನಪ್ಪನವರ ಹಲ್ಲಿನ ಸೆಟ್ಟು ಮನೆಯ ಬಟ್ಟಲಲ್ಲಿ ನೆನೆಯುತ್ತಿತ್ತು. ಆದರೂ ಮಂತ್ರದಂತೆ ಜಪಿಸುತ್ತ ಬಂದು, ಎರಡೂ ಕೈ ಜೋಡಿಸಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಹೇಳಿದರು.

"ದೋಶೆ!"

ಹಲೀನಾ ಒಂದು ಕ್ಷಣ ಬೆರಗಾಗಿ ನೋಡಿದಳು. ಆಮೇಲೆ ಚಪ್ಪಾಳೆ ತಟ್ಟಿ, "ದೋಸಾ! ದೋಸಾ!" ಎಂದು ಅಡುಗೆಮನೆಗೆ ಓಡಿದಳು. ಕಾವಲಿ ಚುಂಯ್ ಎಂದಿತು. ಐದು ದೋಸೆ ಬಂದವು. ಪೋಲೆಂಡಿನ ಆಲೂಗಡ್ಡೆ ದೋಸೆಗೆ ಹಾಕುವ ಹಾಗೆಯೇ ಆಕೆ ಇವಕ್ಕೂ ಧಾರಾಳವಾಗಿ ಸಕ್ಕರೆ ಉದುರಿಸಿದ್ದಳು.

ನಾಲ್ಕು ಗಂಟೆಗೆ ಮೆಷಿನ್ನು ಹದಿನೇಳು ತೋರಿಸಿತು. ಮೈಥಿಲಿ ಒಬ್ಬಟ್ಟಿನ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು. ಪ್ರಣತಿ ತನ್ನ ಐದನೆಯ ಕಾರಣವನ್ನು ಗಟ್ಟಿಯಾಗಿ ಓದಿದಳು: "ದೇ ಲವ್ ತಾತ ಮೋರ್ ದ್ಯಾನ್ ಅಮ್ಮ ಡಸ್."

ಸಂಜೆ ಹಲೀನಾಳೂ ಹಬ್ಬಕ್ಕೆ ಬಂದು ಹೊನ್ನಪ್ಪನವರ ಪಕ್ಕದಲ್ಲೇ ಕೂತಳು. ಕಾಲ ಬುಡದಲ್ಲಿ ದೊಡ್ಡ ಚೀಲವಿತ್ತು. ಚೀಲದ ಬಾಯಲ್ಲಿ ಚೆರಿ ರಸದ ಕೆಂಪು ಬಾಟಲಿಯ ಕತ್ತು ಕಾಣುತ್ತಿತ್ತು. ಮೈಥಿಲಿ ಎಲ್ಲರಿಗೂ ಬೇವು ಬೆಲ್ಲ ಹಂಚಿದಳು. ಮಾವನ ಅಂಗೈಗೆ ಬಿದ್ದಿದ್ದು ಬರೀ ಬೇವು.

ಹೊನ್ನಪ್ಪನವರು ಅಗಿದರು. ಮುಖ ಹಿಂಡಿದ ಬಟ್ಟೆಯಂತಾಯಿತು.

"ಇನ್ನಷ್ಟು ಹಾಕ್ಲಾ ಮಾವ? ಶುಗರ್‌ಗೆ ಒಳ್ಳೇದು."

ಹೊನ್ನಪ್ಪನವರು ಬೇಡವೆನ್ನಲು ಬಾಯಿ ತೆರೆದರು. "ಸಾ..."

ಹಲೀನಾ ತಟ್ಟನೆ ನೆಟ್ಟಗೆ ಕೂತಳು. ಕೈ ಚೀಲದೊಳಗೆ ಇಳಿಯಿತು. ಮೈಥಿಲಿಯ ಕಣ್ಣು ಕಿರಿದಾಯಿತು.

ಹೊನ್ನಪ್ಪನವರು ಬಾಯಿ ಮುಚ್ಚಿಕೊಂಡು, ಇನ್ನೊಂದು ಹಿಡಿ ಬೇವಿಗೆ ಕೈಯೊಡ್ಡಿದರು.