ರೈಲ್ವೆ ಗೇಟಲ್ಲಿ ನಿಂತ ನನ್ನ ಇಂಗ್ಲಿಷು

“ಹೂಂ, ಶುರು ಮಾಡು!” ಅಂತ ಇನ್‌ಸ್ಪೆಕ್ಟರು ಇಂಗ್ಲಿಷಲ್ಲಿ ಅಪ್ಪಣೆ ಕೊಟ್ರು.

ನಾನು ಬೆಂಚಿನ ಪಕ್ಕ ಎದ್ದು ನಿಂತಿದ್ದೆ. ಎದುರಿಗೆ ಇನ್‌ಸ್ಪೆಕ್ಟರು, ಅವರ ಪಕ್ಕದಲ್ಲಿ ಹೆಡ್‌ಮಾಷ್ಟ್ರು, ಗೋಡೆಗೆ ಒತ್ಕೊಂಡು ನಮ್ಮ ಇಂಗ್ಲಿಷ್ ಮೇಷ್ಟ್ರು ಲಾಜರ್ ಸಾರ್. ನಂಗೇನೂ ಹೆದರಿಕೆ ಇರ್ಲಿಲ್ಲ. ಐದು ಪುಟದ ಪಾಠ, ಒಂದಕ್ಷರ ಬಿಡದಂಗೆ ಬಾಯಲ್ಲಿತ್ತು. ಇಡೀ ಹೈಸ್ಕೂಲಲ್ಲಿ ಹಂಗೆ ಉರು ಹೊಡೆದಿದ್ದೋನು ನಾನೊಬ್ನೇ. ಅದಕ್ಕೇ ಮೇಷ್ಟ್ರು ನನ್ನ ಕಡೆ ಕೈ ತೋರ್ಸಿದ್ರು.

ಬಾಯಿ ತೆಗೆದೆ. ಒಂದು ಮಾತೂ ಬರ್ಲಿಲ್ಲ!

ಕಾರಣ ಇಷ್ಟೇ. ಕಾಲು ನಿಂತಿತ್ತು.

ನಮ್ಮೂರು ಬೋಗಾದಿ. ಒಂದಿಷ್ಟು ಹೊಲ, ಮೂರು ಎಮ್ಮೆ. ಬೆಳಿಗ್ಗೆ ಎದ್ದು ಹಾಲು ಕರೆದು, ಕ್ಯಾನು ತಲೆ ಮೇಲಿಟ್ಕೊಂಡು ಮಂಡಿ ಮೊಹಲ್ಲಾ ತಂಕ ನಡೆದು, ಮನೆಮನೆಗೆ ಹಾಕಿ, ಆಮೇಲೆ ಸ್ಕೂಲು. ಕೂತ್ಕೊಂಡು ಓದೋಕೆ ಪುರುಸೊತ್ತೆಲ್ಲಿ? ಓದೋದೆಲ್ಲ ದಾರೀಲೇ. ಮೊದಲನೇ ಪ್ಯಾರಾ ನಮ್ಮ ಮನೆಯಿಂದ ಕುಕ್ಕರಹಳ್ಳಿ ಕೆರೆ ತಂಕ. ಎರಡನೇದು, ಮೂರನೇದು ಕೆರೆ ಏರಿ ಪಕ್ಕ. ನಾಲ್ಕನೇದು ರೈಲ್ವೆ ಗೇಟಿಗೆ ಮುಗಿಯೋದು. ಅಲ್ಲಿ ಗೇಟು ಹಾಕಿದ್ರೆ ನಿಂತು ಉಸಿರು ಬಿಡೋದು. ಉಳಿದಿದ್ದೆಲ್ಲ ಪೇಟೆ ಬೀದೀಲಿ. ಮೊದಲನೇ ಮನೆ ಬಾಗ್ಲು ತಟ್ಟೋ ಹೊತ್ಗೆ ಪಾಠ ಖಲಾಸ್! ಮಾತು ನನ್ನ ತಲೇಲಿರ್ಲಿಲ್ಲ ಕಣ್ರೀ, ಕಾಲಲ್ಲಿತ್ತು.

ಆ ಮೊದಲನೇ ಮನೆ ಲಾಜರ್ ಮೇಷ್ಟ್ರದೇ. ಕೆಳಗೆ ಒಣಮೆಣಸಿನಕಾಯಿ ಮಂಡಿ, ಮೇಲೆ ಒಂದೇ ರೂಮು. ಅದರಲ್ಲಿ ಮೇಷ್ಟ್ರು, ಅವರ ಹೆಂಡ್ತಿ ಮೇರಿಯಮ್ಮ. ಕೆಳಗೆ ಮೂಟೆ ಬಿಚ್ಚಿದ್ರೆ ಸಾಕು, ಘಾಟು ಮೆಟ್ಲು ಹತ್ಕೊಂಡು ಬರೋದು. ಆ ಅಮ್ಮ ಸೀನಿ ಸೀನಿ ಸುಸ್ತಾಗಿದ್ರು. ಇನ್ನೂ ಇಲ್ಲೇ ಇದ್ರೆ ಎದೆ ಕೆಡುತ್ತೆ ಅಂತ ಡಾಕ್ಟ್ರು ಬೇರೆ ಹೇಳಿದ್ರಂತೆ. ಆದ್ರೆ ಮೇಷ್ಟ್ರ ಕೆಲಸ ಟೆಂಪರವರಿ. ಟೆಂಪರವರಿ ಮೇಷ್ಟ್ರಿಗೆ ಒಳ್ಳೇ ಮನೆ ಯಾರು ಕೊಡ್ತಾರೆ?

“ಇನ್‌ಸ್ಪೆಕ್ಟರು ಒಳ್ಳೇ ರಿಪೋರ್ಟು... ಆಕ್ಷೀ!... ಬರೆದ್ರೆ ಕೆಲಸ ಕಾಯಂ ಆಗುತ್ತಪ್ಪ ನಂಜುಂಡ,” ಅಂದಿದ್ರು ಮೇರಿಯಮ್ಮ, ಅವತ್ತು ಬೆಳಿಗ್ಗೇನೇ, ಹಾಲಿನ ಪಾತ್ರೆ ಹಿಡ್ಕೊಂಡು. “ನಿನ್ನನ್ನೇ ನಂಬಿದ್ದಾರೆ ಕಣೋ ಅವರು. ಚೆನ್ನಾಗಿ ಹೇಳ್ತೀಯ ತಾನೇ?”

“ನಾನಿದ್ದೀನಿ ಬುಡಿ ಅಮ್ಮಾವ್ರೇ!” ಅಂದಿದ್ದೆ.

ನಾನಿದ್ದೆ. ನಿಜ. ಬಾಯಿ ತೆಕ್ಕೊಂಡು ನಿಂತಿದ್ದೆ.

ಮೇಷ್ಟ್ರ ಮುಖ ನೋಡಿದೆ. ಬೆವರು ಕಾಲರ್ ತಂಕ ಇಳಿದಿತ್ತು. ಇರ್ಲಿ ಅಂತ ಒಂದು ಹೆಜ್ಜೆ ಹಾಕಿದೆ. ಒಂದು ಮಾತು ಬಂತು! ಇನ್ನೊಂದು ಹೆಜ್ಜೆ, ಇನ್ನೆರಡು ಮಾತು! ನನ್ನ ಕೈ ತಾನಾಗೇ ತಲೆ ಮೇಲೆ ಹೋಯ್ತು, ಇಲ್ಲದ ಕ್ಯಾನು ಹಿಡ್ಕೊಳ್ಳೋಕೆ. ಮಳೆ ಹುಯ್ದಂಗೆ ಇಂಗ್ಲಿಷು ಸುರೀತು. ಏಳು ಹೆಜ್ಜೆಗೆ ಗೋಡೆ ಬಂತು. ಕುಕ್ಕರಹಳ್ಳಿ ಕೆರೆ ಇನ್ನೂ ಎಲ್ಲೋ ಇತ್ತು! ತಿರುಗಿ ಬೆಂಚುಗಳ ಮಧ್ಯೆ ನುಗ್ಗಿದೆ. ಸಾಲಲ್ಲಿ ಕೂತಿದ್ದೋರು ಕಾಲು ಎಳ್ಕೊಂಡ್ರು. ಆಗ ಬಾಗ್ಲು ಕಾಣಿಸ್ತು. ಹೊರಗೆ ಉದ್ದನೇ ಜಗಲಿ. ಹೊರಟೇಬುಟ್ಟೆ!

ನನ್ನ ಹಿಂದೆ ಇನ್‌ಸ್ಪೆಕ್ಟರ ಬೂಟು ಟಕಟಕ. ಅವರ ಹಿಂದೆ ಹೆಡ್‌ಮಾಷ್ಟ್ರು. ಅವರ ಹಿಂದೆ ಲಾಜರ್ ಮೇಷ್ಟ್ರು. ಅವರ ಹಿಂದೆ, ಯಾರೂ ಬಾ ಅನ್ನದಿದ್ರೂ, ಇಡೀ ಕ್ಲಾಸು. ಪಕ್ಕದ ಕ್ಲಾಸೋರು ಕಿಟಕೀಲಿ ಇಣುಕಿದ್ರು. ಜವಾನ ಗಂಟೆ ಹೊಡೆಯೋ ಸುತ್ತಿಗೆ ಕೈಲಿಟ್ಕೊಂಡು ಹಂಗೇ ನಿಂತ್ಬುಟ್ಟ.

ಜಗಲಿ ಕೊನೇಲಿ ನಾಲ್ಕನೇ ಪ್ಯಾರಾ ಮುಗೀತು. ನಾನು ಗಕ್ಕಂತ ನಿಂತೆ. ಇನ್‌ಸ್ಪೆಕ್ಟರು ನನಗೆ ಡಿಕ್ಕಿ ಹೊಡೆಯೋದು ಸ್ವಲ್ಪದರಲ್ಲಿ ತಪ್ತು.

ಯಾಕೆ ನಿಂತೆ ಅಂತ ಇಂಗ್ಲಿಷಲ್ಲಿ ಕೇಳಿದ್ರು.

“ರೈಲ್ವೆ ಗೇಟು ಸಾರ್,” ಅಂದೆ.

ಅವರಿಗೆ ನಗು ತಡೆಯೋಕಾಗ್ಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸ್ಕೊಂಡ್ರು. ನಗಬೇಕೋ ಬ್ಯಾಡ್ವೋ ತಿಳೀದೆ ಹೆಡ್‌ಮಾಷ್ಟ್ರು ಅರ್ಧ ನಕ್ಕು ನಿಲ್ಲಿಸಿದ್ರು. ಇನ್‌ಸ್ಪೆಕ್ಟರು ನನ್ನ ಹೆಗಲ ಮೇಲೆ ಕೈ ಹಾಕಿ, ಮೆತ್ತಗೆ, ಅಚ್ಚ ಕನ್ನಡದಲ್ಲಿ ಕೇಳಿದ್ರು. “ಅಲ್ಲಪ್ಪಾ, ಇಷ್ಟೊಂದು ಒಪ್ಪಿಸಿದ್ಯಲ್ಲ, ಇದರ ಅರ್ಥ ಗೊತ್ತೇನೋ ನಿಂಗೆ?”

ಗೊತ್ತಿಲ್ದೆ ಏನು? ಚೆನ್ನಾಗಿ ಗೊತ್ತಿತ್ತು. ಹೇಳಿದೆ.

“ಸಮುದ್ರದ ಮಧ್ಯೆ ಬಂಡೆ ಸಾರ್. ಕನ್ನಂಬಾಡಿ ಕಟ್ಟೆ ನೀರಿಗೆ ಆಚೆ ದಡವೇ ಇಲ್ಲ ಅಂದ್ಕೊಳ್ಳಿ, ಅದು ಸಮುದ್ರ. ಆ ಬಂಡೆ ಮೇಲೆ ಹಡಗುಗಳಿಗೆ ದಾರಿ ತೋರ್ಸೋ ದೀಪ. ಅದನ್ನ ಕಾಯೋಕೆ ಒಬ್ಬ ಮುದುಕ. ಒಂದಿನ ಬಿರುಗಾಳಿ. ಎಣ್ಣೆ ಖಾಲಿ. ದೂರದಲ್ಲಿ ಹಡಗು. ದೀಪ ಆರಿದ್ರೆ ಅಷ್ಟೂ ಜನ ನೀರುಪಾಲು. ಮುದುಕ ಕುರ್ಚಿ ಮುರಿದು ಸುಟ್ಟ. ಮಂಚ ಸುಟ್ಟ. ಕೊನೇಗೆ ಒಂದು ತೊಟ್ಲು ಉಳೀತು. ಸತ್ತೋದ ಮಗೂದು. ಅದನ್ನ ತಬ್ಕೊಂಡು ಒಂದು ಗಳಿಗೆ ಕೂತಿದ್ದ. ಆಮೇಲೆ ಅದನ್ನೂ ಬೆಂಕಿಗೆ ಹಾಕ್ದ. ಹಡಗು ಉಳೀತು ಸಾರ್. ಅದರಲ್ಲಿದ್ದೋರಿಗೆ ಇದ್ಯಾವ್ದೂ ಗೊತ್ತೇ ಆಗ್ಲಿಲ್ಲ.”

ಇನ್‌ಸ್ಪೆಕ್ಟರು ಮತ್ತೆ ಕನ್ನಡಕ ತೆಗೆದು ಕಣ್ಣೊರೆಸ್ಕೊಂಡ್ರು. ಈ ಸಲ ನಗು ಬಂದು ಅಲ್ಲ.

“ಭೇಷ್!” ಅಂದ್ರು. “ಯಾರಪ್ಪಾ ಇಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ದು?”

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಇಂಗ್ಲಿಷ್ ಪೀರಿಯಡ್ಡಲ್ಲಿ ಮೇಷ್ಟ್ರು ಒಂದು ಮಾತೂ ಕನ್ನಡ ಆಡಂಗಿಲ್ಲ ಅಂತ ಮೇಲಿಂದ ಕಟ್ಟಪ್ಪಣೆ ಇತ್ತು. ನಂಗೂ ಗೊತ್ತಿತ್ತು. ಆ ಪಾಠ ಮಾಡೋ ದಿನ ಮೇಷ್ಟ್ರು “ಹೊರಗೆ ಹೇಳಬೇಡ್ರೋ” ಅಂತಾನೂ ಅಂದಿದ್ರು. ಆದ್ರೆ ಮೇರಿಯಮ್ಮ ಕಣ್ಮುಂದೆ ಬಂದ್ರು. ಮೇಷ್ಟ್ರನ್ನ ಹೊಗಳೋಕೆ ಇದಕ್ಕಿಂತ ಒಳ್ಳೇ ಸಮಯ ಇನ್ನೆಲ್ಲಿ ಸಿಗುತ್ತೆ ಅನ್ನಿಸ್ತು. ಎದೆ ಉಬ್ಬಿಸಿ, ಜಗಲಿಗೆಲ್ಲ ಕೇಳೋ ಹಂಗೆ ಕೂಗಿದೆ.

“ಲಾಜರ್ ಸಾರೇ ಸಾರ್! ಬಾಗ್ಲು ಹಾಕ್ಕೊಂಡು, ಕನ್ನಡದಲ್ಲಿ, ಎರಡು ಪೀರಿಯಡ್ಡು ಹೇಳಿದ್ರು!”

ಇನ್‌ಸ್ಪೆಕ್ಟರ ಕೈ ನನ್ನ ಹೆಗಲಿಂದ ಇಳೀತು.

“ಓಹೋ,” ಅಂದ್ರು. ಮತ್ತೆ ಇಂಗ್ಲಿಷಿಗೆ ಹೋಗ್ಬುಟ್ರು. ಹೆಡ್‌ಮಾಷ್ಟ್ರು ಅರ್ಧ ನಗೂನೂ ವಾಪಸ್ ತಗೊಂಡ್ರು.

“ಇಲ್ಲ ಸಾರ್, ಒಂದೇ ಪೀರಿಯಡ್ಡು!” ಅಂತ ತಿದ್ದೋಕೆ ನೋಡಿದೆ. ಯಾರೂ ಕೇಳ್ಲಿಲ್ಲ. “ಬಾಗ್ಲು ಪೂರ್ತಿ ಹಾಕಿರ್ಲಿಲ್ಲ ಸಾರ್!” ಅಂದೆ. ಲಾಜರ್ ಮೇಷ್ಟ್ರು ನನ್ನ ಕಡೆ ನೋಡಿ ಸಾಕು ಅನ್ನೋ ಹಂಗೆ ಕೈ ಆಡಿಸಿದ್ರು.

ರಿಪೋರ್ಟು ಬಂತು. ಕಾಯಂ ಇಲ್ಲ. ಇನ್ನೊಂದು ವರ್ಷ ನೋಡೋಣ ಅಂತ.

ಮಾರನೇ ದಿನ ಬೆಳಿಗ್ಗೆ ಹಾಲು ತಗೊಂಡು ಮೆಟ್ಲ ಹತ್ರ ಬಹಳ ಹೊತ್ತು ನಿಂತಿದ್ದೆ. ಮೇಲಿಂದ ಸೀನು ಕೇಳಿಸ್ತು. ಹತ್ತಿದೆ.

“ಒಳ್ಳೇದು ಹೇಳೋಕ್ಹೋಗಿ ಮುಳುಗಿಸ್ಬುಟ್ಯಲ್ಲೋ!” ಅಂದ್ರು ಮೇರಿಯಮ್ಮ. “ಒಂದು ಸುಳ್ಳು ಹೇಳೋಕಾಗ್ಲಿಲ್ವಾ?”

“ಬುಡು ಮೇರಿ,” ಒಳಗಿಂದ ಮೇಷ್ಟ್ರು. “ಅರ್ಥ ಆಗಿದೆ ಅವನಿಗೆ. ಇಷ್ಟು ವರ್ಷದಲ್ಲಿ ನನ್ನ ಪಾಠ ಒಬ್ಬನಿಗಾದ್ರೂ ಆಯ್ತು.”

ಮೇಷ್ಟ್ರೂ ಬೈದಿದ್ರೆ ವಾಸಿ ಇತ್ತು. ಇದು ಎದೇಲೇ ಕೂತ್ಬುಡ್ತು.

ಆಮೇಲೆ ಮೇಷ್ಟ್ರು ಬಾಗ್ಲು ಹಾಕ್ಲೇ ಇಲ್ಲ. ವರ್ಷಪೂರ್ತಿ ಬರೀ ಇಂಗ್ಲಿಷು. ನಮಗೆ ಒಂದು ಮಾತೂ ಅರ್ಥ ಆಗ್ಲಿಲ್ಲ. ಇನ್‌ಸ್ಪೆಕ್ಟರು ಮತ್ತೆ ಬಂದ್ರು, ಹಿಂದಿನ ಬೆಂಚಲ್ಲಿ ಕೂತ್ರು, ಬಹಳ ಸಂತೋಷಪಟ್ರು. ಕೆಲಸ ಕಾಯಂ! ಆ ಸಲ ಎಸ್ಸೆಸ್ಸೆಲ್ಸೀಲಿ ನಮ್ಮ ಕ್ಲಾಸಿನ ಮುಕ್ಕಾಲು ಪಾಲು ಇಂಗ್ಲಿಷಲ್ಲಿ ಡುಮ್ಕಿ. ನಾನಂತೂ ಪೇಪರಲ್ಲಿ ನಂಬರು ಹುಡುಕೋಕೂ ಹೋಗ್ಲಿಲ್ಲ. ನಮ್ಮಪ್ಪ ಒಂದು ಎಮ್ಮೆ ಜಾಸ್ತಿ ತಂದು ಕಟ್ಟಿದ್ರು. ಅಲ್ಲಿಗೆ ನನ್ನ ಓದು ಮುಗೀತು.

ಒಂದೊಂದ್ಸಲ ಯೋಚ್ನೆ ಮಾಡ್ತೀನಿ. ಅರ್ಥ ಆದಾಗ ಮೇಷ್ಟ್ರಿಗೆ ಶಿಕ್ಷೆ. ಆಗದೇ ಇದ್ದಾಗ ಕೆಲಸ ಕಾಯಂ. ಇದೆಂಥ ಲೆಕ್ಕ ಅಂತ ನಂಗಿನ್ನೂ ತಿಳಿದಿಲ್ಲ. ತಿಳಿದೋರಿದ್ರೆ ಹೇಳಿ. ಕನ್ನಡದಲ್ಲಿ ಹೇಳಿ.

ಮೇಷ್ಟ್ರು ಈಗ ಬೇರೆ ಬೀದೀಲಿದ್ದಾರೆ. ಗಾಳಿ ಬೆಳಕಿನ ಮನೆ. ಹಾಲು ನಂದೇ. ಮೊನ್ನೆ ಮೇರಿಯಮ್ಮ ಪಾತ್ರೆ ಹಿಡ್ಕೊಂಡು ಬಂದೋರು, “ಅಲ್ಲ ಕಣೋ, ನನ್ನನ್ನ ಒಂದು ವರ್ಷ ಜಾಸ್ತಿ ಆ ಘಾಟಲ್ಲಿ ಕೂರಿಸಿದ್ಯಲ್ಲ, ಏನೋ ಅದು, ಆ ಪಾಠದ ಕಥೆ? ನಂಗೆ ಯಾರೂ ಹೇಳೇ ಇಲ್ಲ,” ಅಂದ್ರು.

ಬಾಗ್ಲಲ್ಲೇ ನಿಂತು ಹೇಳಿದೆ. ತೊಟ್ಲು ಬೆಂಕಿಗೆ ಬೀಳೋ ಹೊತ್ಗೆ ಅವರು ಸೆರಗು ಕಣ್ಣಿಗೆ ಒತ್ಕೊಂಡಿದ್ರು.

“ಇಷ್ಟನ್ನ ಪರೀಕ್ಷೇಲಿ ಇಂಗ್ಲಿಷಲ್ಲಿ ಬರೆಯೋಕೆ ಆಗ್ಲಿಲ್ವೇನೋ ನಿಂಗೆ?” ಅಂದ್ರು.

“ಇಲ್ಲ ಅಮ್ಮಾವ್ರೇ, ಪರೀಕ್ಷೇಲಿ ಕೂತ್ಕೊಂಡೇ ಬರೀಬೇಕಲ್ಲ,” ಅಂದೆ.

ಅಷ್ಟೇ. ಕ್ಯಾನು ತಲೆ ಮೇಲಿಟ್ಕೊಂಡು ಮುಂದಿನ ಮನೆಗೆ ನಡೆದೆ.