ಬೀಗರ ಪಂದ್ಯಕ್ಕೆ ನಮ್ಮತ್ತೆಯೇ ರೆಫರಿ

ಅತ್ತೆ ಎಂದರೆ ಕೈಯಲ್ಲಿ ಸೌಟು ಹಿಡಿದವರು ಎಂದು ನೀವು ತಿಳಿದುಕೊಂಡಿದ್ದರೆ ಒಮ್ಮೆ ಶಿಕಾರಿಪುರದ ನಮ್ಮ ಮನೆಗೆ ಬನ್ನಿ. ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ, ಕೊರಳಲ್ಲಿ ತಾಳಿಯ ಜೊತೆಗೆ ಒಂದು ಸೀಟಿಯನ್ನೂ ಹಾಕಿಕೊಂಡಿದ್ದಾರೆ! ಎರಡರಲ್ಲಿ ಯಾವುದರ ಮೇಲೆ ಪ್ರೀತಿ ಹೆಚ್ಚು ಎಂದು ಮಾತ್ರ ಕೇಳಬೇಡಿ. ಮಾವನವರು ಅಲ್ಲೇ ಪೇಪರ್ ಓದುತ್ತಾ ಕೂತಿರುತ್ತಾರೆ.

ನಮ್ಮ ಮನೆಯಲ್ಲಿ ಕುಕ್ಕರ್ ಮೂರು ಸೀಟಿ ಹೊಡೆದರೆ ನಾಲ್ಕನೆಯದು ಅತ್ತೆಯದು. ವಯಸ್ಸು ಅರವತ್ತನಾಲ್ಕು, ಮಂಡಿ ನೋವು, ಕಣ್ಣಿಗೆ ಸೋಡಾ ಬಾಟಲಿಯ ತಳದಂಥ ಕನ್ನಡಕ. ಆದರೂ ಊರಿನ ಕಾರ್ಫ್‌ಬಾಲ್ ಕ್ಲಬ್ಬಿಗೆ ಅವರೇ ಸ್ಥಾಪಕಿ, ಅವರೇ ಕೋಚ್, ಅವರೇ ರೆಫರಿ. ಬೆಳಿಗ್ಗೆ ಆರಕ್ಕೆ ಬಯಲಿನಲ್ಲಿ ದನ ಹಾಕಿದ ಸೆಗಣಿ ಎತ್ತುವವರೂ ಅವರೇ.

"ಕಾರ್ಫ್‌ಬಾಲಾ? ಹಂಗಂದ್ರೆ ಬಾಸ್ಕೆಟ್‌ಬಾಲಾ?" ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಅತ್ತೆಯ ಎದುರು ಕೇಳಿಬಿಟ್ಟೀರಿ, ಜೋಕೆ! ತರಕಾರಿ ಗಾಡಿಯವನು ಒಮ್ಮೆ ಕೇಳಿದ. ಅತ್ತೆ ಅವನ ಗಾಡಿಯ ಮೇಲೆಯೇ ನಾಲ್ಕು ಬದನೆಕಾಯಿ, ನಾಲ್ಕು ಟೊಮೆಟೊ ಜೋಡಿಸಿ ಪಾಠ ಶುರುಮಾಡಿದರು. "ನೋಡಪ್ಪ, ಒಂದ್ ಟೀಮಿಗೆ ನಾಲ್ಕು ಗಂಡಸ್ರು, ನಾಲ್ಕು ಹೆಂಗಸ್ರು. ಗಂಡಸ್ರನ್ನ ಗಂಡಸ್ರೇ ಕಾಯ್ಬೇಕು, ಹೆಂಗಸ್ರನ್ನ ಹೆಂಗಸ್ರೇ. ಚೆಂಡು ಹಿಡ್ಕಂಡು ಓಡಂಗಿಲ್ಲ, ಇನ್ನೊಬ್ರಿಗೆ ಕೊಡ್ಬೇಕು. ಕಾಯೋರು ಹತ್ರ ಬಂದು ಕೈ ಅಡ್ಡ ಹಿಡಿದಿದ್ರೆ ಬುಟ್ಟಿಗೆ ಹೊಡಿಯಂಗಿಲ್ಲ, ಹೊಡೆದ್ರೂ ಅದು ಗೋಲ್ ಅಲ್ಲ. ತಿಳೀತಾ?"

ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದ ಅವನು ಕೈಮುಗಿದು ಕೇಳಿದ: "ತಿಳೀತ್ರೀ ಅಮ್ಮಾರೆ. ಈಗ ಬದನೆಕಾಯಿ ಅರ್ಧ ಕೆಜಿ ಹಾಕ್ಲೋ, ಒಂದು ಟೀಮ್ ಹಾಕ್ಲೋ?"

ಅಷ್ಟಕ್ಕೂ ಅತ್ತೆ ಆಟ ಕಲಿಸುವ ಟೀಚರೇ ಅಲ್ಲ. ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವರು. ಹತ್ತು ವರ್ಷದ ಹಿಂದೆ ಯಾವುದೋ ಹೊಸ ಆಟದ ತರಬೇತಿಗೆ ಒಬ್ಬರನ್ನು ಕಳಿಸಬೇಕಾಗಿತ್ತು. ಆಟದ ಮೇಷ್ಟ್ರಿಗೆ ಜ್ವರ. ಹೆಡ್‌ಮೇಷ್ಟ್ರು ಸುತ್ತ ನೋಡಿದರು, ಬಿಡುವಾಗಿ ಕಂಡವರು ಕಾಜಾ ಹೊಲಿಯುತ್ತಿದ್ದ ಅತ್ತೆ. ಮೂರು ದಿನ ಹೋಗಿ ಬಂದರು. ಹೋಗುವಾಗ ಟಿಫನ್ ಡಬ್ಬಿ ಒಯ್ದಿದ್ದರು, ಬರುವಾಗ ಒಂದು ಚೆಂಡು ತಂದರು. ಡಬ್ಬಿ ಇವತ್ತಿಗೂ ಸಿಕ್ಕಿಲ್ಲ!

ಚೆಂಡೇನೋ ಬಂತು, ಬುಟ್ಟಿ? ಹನ್ನೊಂದೂವರೆ ಅಡಿ ಎತ್ತರದ ಗಳದ ತುದಿಗೆ ತಳವಿಲ್ಲದ ಬುಟ್ಟಿ ಕಟ್ಟಬೇಕು. ಅತ್ತೆ ಸಂತೆಗೆ ಹೋಗಿ ಬುಟ್ಟಿ ಹೆಣೆಯುವ ಅಜ್ಜನಿಗೆ ಹೇಳಿದರು. ಅಜ್ಜ ಒಪ್ಪಲೇ ಇಲ್ಲ. "ತಳ ಇಲ್ಲದ ಬುಟ್ಟಿ ಹೆಣದ್ರೆ ನಾಳೆ ನನ್ನತ್ರ ಯಾರವ್ವಾ ಬುಟ್ಟಿ ತಗಂತಾರ? ಅಜ್ಜಂಗೆ ಅರಳುಮರಳು ಅಂತಾರ!" ಕೊನೆಗೆ ಅತ್ತೆಯ ಕಾಟ ತಡೆಯಲಾರದೆ ಹೆಣೆದುಕೊಟ್ಟ. ಮರುದಿನ ಮೊದಲ ಆಟ, ಮೊದಲ ಎಸೆತ, ಮೊದಲ ಗೋಲು! ಎಲ್ಲರೂ ಚಪ್ಪಾಳೆ ತಟ್ಟಿದೆವು. ಚೆಂಡು ಮಾತ್ರ ಕೆಳಗೆ ಬರಲಿಲ್ಲ. ಮನಸ್ಸು ತಡೆಯದ ಅಜ್ಜ ಸಣ್ಣದಾಗಿ ಒಂದು ತಳ ಹಾಕಿಯೇಬಿಟ್ಟಿದ್ದ! ಮಾವನವರು ಏಣಿ ಹತ್ತಿ ಕುಡುಗೋಲಿನಿಂದ ತಳ ಕೊಯ್ದರು. ಅವರು ಕ್ಲಬ್ಬಿಗೆ ಮಾಡಿದ ಏಕೈಕ ಸೇವೆ ಅದು. ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಅತ್ತೆ ಈ ಆಟಕ್ಕೆ ತಮ್ಮದೇ ಒಂದು ಕಾನೂನು ಸೇರಿಸಿದ್ದಾರೆ. ಆ ಕನ್ನಡಕ ಹಾಕಿಯೂ ಬಯಲಿನ ಆಚೆ ತುದಿಯಲ್ಲಿ ನಡೆಯುವುದು ಅವರಿಗೆ ಮಸಕು ಮಸಕು. ಹಾಗಾಗಿ ತಪ್ಪು ಮಾಡಿದವರು ಸೀಟಿಗೆ ಕಾಯದೆ ತಾವೇ ಕೈ ಎತ್ತಬೇಕು. "ನನ್ ಕಣ್ಣು ತಪ್ಪಿಸಬಹುದು, ನಿಮ್ ಕಣ್ಣು ತಪ್ಪಿಸ್ತೀರಾ?" ಎನ್ನುತ್ತಾರೆ. ಈ ಕಾನೂನು ಬಯಲಿನಲ್ಲೇ ಇದ್ದಿದ್ದರೆ ನಾನೇಕೆ ದೂರುತ್ತಿದ್ದೆ? ಅದು ಮನೆಗೂ ಬಂತು. ಸಾರಿಗೆ ಉಪ್ಪು ಹೆಚ್ಚಾದರೆ ನಾನು ಕೈ ಎತ್ತಬೇಕು. ಮೋಟಾರ್ ಆಫ್ ಮಾಡಲು ಮರೆತು ಟ್ಯಾಂಕ್ ತುಂಬಿ ಹರಿದರೆ ನಮ್ಮವರು ಕೈ ಎತ್ತಬೇಕು. ಮಾವನವರಂತೂ ಕೆಲವು ದಿನ ಮುಂಜಾಗ್ರತೆಯಾಗಿ ಎದ್ದ ತಕ್ಷಣವೇ ಎತ್ತಿಬಿಡುತ್ತಾರೆ! ಅತ್ತೆ ಕೈ ಎತ್ತಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ರೆಫರಿಗೆ ಫೌಲ್ ಇಲ್ಲವಂತೆ.

ಈ ಕ್ಲಬ್ಬಿನ ದೊಡ್ಡ ಕಷ್ಟ ಯಾವುದು ಗೊತ್ತೇ? ನಾಲ್ಕನೆಯ ಹೆಂಗಸು. ಗಂಡಸರು ಕರೆಯದಿದ್ದರೂ ಬರುತ್ತಾರೆ. ಹುಡುಗಿಯರು ಬರುತ್ತಾರೆ, ಕಲಿಯುತ್ತಾರೆ, ಕೈ ಕುದುರುತ್ತದೆ, ಅಷ್ಟರಲ್ಲಿ ಮದುವೆ! ಅರಿಸಿನ ಹಚ್ಚಿಸಿಕೊಂಡವಳು ಮತ್ತೆ ಬಯಲಿಗೆ ಬರುವುದಿಲ್ಲ. ಪ್ರತಿ ಮದುವೆಯ ಕರೆಯೋಲೆ ಬಂದಾಗಲೂ ಅತ್ತೆ ಅದನ್ನು ಕೋರ್ಟಿನ ನೋಟಿಸಿನಂತೆ ಓದುತ್ತಿದ್ದರು.

ಪವಿತ್ರಾಳ ವಿಷಯದಲ್ಲಿ ಮಾತ್ರ ಅತ್ತೆ ಬಿಡಲಿಲ್ಲ. ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಮಾತು ಕಡಿಮೆ. ಆದರೆ ಅವಳು ಎಸೆದ ಚೆಂಡು ಬುಟ್ಟಿಯ ಅಂಚನ್ನೂ ಮುಟ್ಟದೆ ಇಳಿಯುತ್ತಿತ್ತು. ಸೊರಬದಿಂದ ಗಂಡಿನ ಕಡೆಯವರು ನೋಡಲು ಬಂದಾಗ ಅತ್ತೆ ಕರೆಯದೆಯೇ ಹೋಗಿ ಹಿರಿಯರ ಸಾಲಿನಲ್ಲಿ ಕೂತರು. ಉಪ್ಪಿಟ್ಟಿನ ತಟ್ಟೆ ಬಂತು. ಅತ್ತೆ ಅಡ್ಡ ಕೈ ಹಿಡಿದರು. "ಒಂದು ಮಾತು. ನಮ್ಮ ಹುಡುಗಿ ಆಟ ಆಡ್ತಾಳ. ಮದುವಿ ಆದ ಮ್ಯಾಲೂ ಆಡ್ತಾಳ. ಒಪ್ಪಿಗಿ ಇದ್ರ ಉಪ್ಪಿಟ್ಟು ತಗೊಳ್ರಿ, ಇಲ್ಲಂದ್ರ ಬರೇ ಚಾ ಕುಡೀರಿ."

ಬೆಳಿಗ್ಗೆ ಬಸ್ಸು ಹತ್ತಿ ಬಂದ ಹಸಿದ ಜನ! ಗಂಡಿನ ತಾಯಿ ನಗುತ್ತಾ, "ಆಡ್ಲಿ ಬಿಡಿ ಮಾರಾಯ್ರೆ, ಅದಕ್ಕೇನು" ಎಂದು ಮೊದಲ ತುತ್ತು ಬಾಯಿಗಿಟ್ಟರು.

ಹದಿನೆಂಟು ವರ್ಷದ ಹಿಂದೆ ನನ್ನನ್ನು ನೋಡಲು ಬಂದಿದ್ದವರೂ ಇದೇ ಅತ್ತೆ. ಆಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ರೊಟ್ಟಿ ಬಡಿಯಾಕ ಬರ್ತದಾ?" ಬರುತ್ತದೆ ಎಂದೆ. ಶುದ್ಧ ಸುಳ್ಳು! ಅದಿರಲಿ.

ಮದುವೆಯಾಗಿ ಎಂಟು ತಿಂಗಳಾದರೂ ಪವಿತ್ರಾ ಬಯಲಿನ ಕಡೆ ಸುಳಿಯಲಿಲ್ಲ. ಅವಳ ಜಾಗಕ್ಕೆ ಯಾರು? ಸೊಸೈಟಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೂತು ಕುರ್ಚಿಯ ಆಕಾರಕ್ಕೇ ಬಂದಿದ್ದ ನಾನು! ಚೂಡಿದಾರಕ್ಕೆ ದುಪಟ್ಟಾ ಬಿಗಿದು ನಿಂತೆ. ಒಂದು ದಿನ ಅತ್ತೆ ನನ್ನನ್ನೂ ಎಳೆದುಕೊಂಡು ಸೊರಬಕ್ಕೆ ಹೊರಟರು. ಪವಿತ್ರಾಳ ಅತ್ತೆ ಬೆಲ್ಲದ ಪಾನಕ ಕೊಟ್ಟು ಹೇಳಿದರು: "ನಾವು ಆಡ್ಬೇಡ ಅಂತ ಎಲ್ಲಿ ಅಂದ್ವಿ? ಶಿಕಾರಿಪುರ ದೂರ ಆಯ್ತಲ್ಲ. ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಬರಾದು ಹೆಂಗೆ? ಇಲ್ಲಿ ಆ ಆಟ ಇಲ್ಲ ಮಾರಾಯ್ರೆ."

ಪವಿತ್ರಾ ಬಾಗಿಲ ಹಿಂದೆ ನಿಂತಿದ್ದಳು. ಒಗೆದ ಬಟ್ಟೆಯೊಂದನ್ನು ಉಂಡೆ ಮಾಡಿ ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದಳು, ಚೆಂಡು ಹಿಡಿಯುವ ಹಾಗೆ.

"ಇಲ್ಲಿ ಆ ಆಟ ಇಲ್ಲ, ಅಷ್ಟೇ ಅಲ್ಲೇನ್ರೀ?" ಎಂದರು ಅತ್ತೆ. ಪಾನಕದ ಲೋಟ ಕೆಳಗಿಟ್ಟು ಎದ್ದರು.

ಮುಂದಿನ ವಾರ ನಮ್ಮ ಕ್ಲಬ್ಬಿನ ಹಳೆಯ ಗಳ, ಬುಟ್ಟಿ, ಚೆಂಡು ಸೊರಬದ ಬಸ್ಸಿನ ಮೇಲೇರಿದವು. ಕಂಡಕ್ಟರ್ ತಲೆ ಚಚ್ಚಿಕೊಂಡ. ಚಂದ್ರಗುತ್ತಿಗೆ ಹೊರಟಿದ್ದ ಹೆಂಗಸರು ಅದು ದೇವಿಗೆ ಹರಕೆಯ ಗಳವೆಂದು ತಿಳಿದು ಮುಟ್ಟಿ ಕಣ್ಣಿಗೊತ್ತಿಕೊಂಡರು! "ಹರಕಿ ಅಲ್ರವ್ವಾ" ಎಂದ ಅತ್ತೆ, ತುಸು ತಡೆದು, "ಹರಕಿ ಅಂತಾನೇ ಇಟ್ಕಳ್ರಿ" ಎಂದರು. ಆಮೇಲೆ ಒಂದು ವರ್ಷ, ವಾರಕ್ಕೆ ಎರಡು ದಿನ, ಆ ಮಂಡಿ ನೋವಿನಲ್ಲೇ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಬಂದರು. ಆ ಬಸ್ಸಿನಲ್ಲಿ ಕಿಟಕಿ ಪಕ್ಕದ ಒಂದು ಸೀಟಿಗೆ ಟೀಚರ್ ಸೀಟು ಎಂದೇ ಹೆಸರು ಬಿತ್ತು.

ನಮ್ಮ ಹುಡುಗರು ಸಿಟ್ಟಾದರು. "ಟೀಚರ್, ನಮ್ ಆಟ ಎಲ್ಲಾ ಅವ್ರಿಗೆ ಹೇಳ್ಕೊಡ್ತೀರಲ್ರೀ! ನಾಳೆ ಅವ್ರು ನಮ್ಮನ್ನೇ ಸೋಲಿಸ್ತಾರೆ."

"ಹಂಗಾರ ನೀವು ಇನ್ನೂ ಚಲೋ ಆಡೋದ್ ಕಲೀರಿ."

ಸೊರಬದಲ್ಲೂ ಅದೇ ಕಷ್ಟ, ನಾಲ್ಕನೆಯ ಹೆಂಗಸು ಸಿಗಲಿಲ್ಲ. ಅತ್ತೆ ಯಾರನ್ನು ಹಿಡಿದರು ಹೇಳಿ ನೋಡೋಣ? ಪವಿತ್ರಾಳ ಅತ್ತೆಯನ್ನೇ! "ಬುಟ್ಟಿ ಕೆಳಗೆ ನಿಂತು ಚೆಂಡು ಹಿಡಿದು ಕೊಟ್ರೆ ಸಾಕು" ಎಂದು ನಂಬಿಸಿದರು. ಆ ತಾಯಿ ಸೀರೆಗೆ ಕಚ್ಚೆ ಹಾಕಿ ನಿಂತವರು ಮೂರನೆಯ ವಾರದಲ್ಲಿ ಗಂಡಸರನ್ನೇ ಗದರಿಸತೊಡಗಿದರು.

ಹೀಗೆ ನಿಗದಿಯಾಯಿತು ಶಿಕಾರಿಪುರ ಮತ್ತು ಸೊರಬದ ನಡುವಿನ ಮೊದಲ ಪಂದ್ಯ. ಜನ ಅದಕ್ಕೆ ಬೀಗರ ಪಂದ್ಯ ಎಂದೇ ಕರೆದರು. ಎರಡು ತಾಲ್ಲೂಕಿನಲ್ಲೂ ಆಟದ ಕಾನೂನು ಬಲ್ಲವರು ಇನ್ನೊಬ್ಬರಿಲ್ಲದ ಕಾರಣ ಎರಡೂ ಟೀಮಿಗೆ ಅತ್ತೆಯೇ ಕೋಚ್, ಅತ್ತೆಯೇ ರೆಫರಿ.

ಇಲ್ಲಿ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ಬೀಗರ ಊರಿಗೆ ಹೋದಮೇಲೆ ಉಣ್ಣದೆ ಆಡಲು ಬಿಡುತ್ತಾರೆಯೇ? ಪಂದ್ಯಕ್ಕೆ ಮೊದಲು ಎಲೆ ಹಾಕಿದರು. ಹೋಳಿಗೆ! ಮೇಲೆ ತುಪ್ಪ! "ಇನ್ನೊಂದು ಹಾಕಿಸ್ಕಳಿ ಮಾರಾಯ್ರೆ, ಬೇಡ ಅಂದ್ರೆ ನಮ್ಗೆ ಬೇಜಾರಾಗ್ತದೆ." ಬೀಗರಿಗೆ ಬೇಜಾರು ಮಾಡಬಾರದೆಂದು ನಾನು ಮೂರು ಹಾಕಿಸಿಕೊಂಡೆ. ಸೊರಬದ ಎಂಟು ಮಂದಿ ಬಡಿಸಿದರು, ನಮ್ಮ ಎಂಟು ಮಂದಿ ಉಂಡರು. ಬಡಿಸಿದವರು ಯಾರೂ ಉಣ್ಣಲಿಲ್ಲ ಎಂಬುದು ನಮಗೆ ಹೊಳೆದದ್ದು ಆಟ ಶುರುವಾದ ಮೇಲೆ!

ಆದರೂ ಬಿಡಲಿಲ್ಲ. ಒಂಬತ್ತು ಒಂಬತ್ತು ಸಮ ಆಯಿತು. ಇನ್ನು ಒಂದೇ ನಿಮಿಷ. ಪವಿತ್ರಾಳನ್ನು ಕಾಯುವ ಕೆಲಸ ನನ್ನದು. ಬುಟ್ಟಿಯ ಕೆಳಗಿದ್ದ ಅವಳ ಅತ್ತೆ ಚೆಂಡು ಹಿಡಿದು, "ಹೊಡಿಯೇ ಪವಿ!" ಎಂದು ಎಸೆದರು. ಪವಿತ್ರಾ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಮೂರು ಹೋಳಿಗೆ ನನ್ನನ್ನು ಕೆಳಗೆ ಜಗ್ಗಿದವು. ಚೆಂಡು ಎದ್ದಿತು, ಅಂಚನ್ನೂ ಮುಟ್ಟದೆ ಇಳಿಯಿತು.

"ಗೋಲ್ ಅಲ್ಲ! ಕೈ ಅಡ್ಡ ಇತ್ತು!" ನಮ್ಮವರೆಲ್ಲ ಕೂಗಿದರು. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಕುಂಟುತ್ತಾ ನನ್ನ ಹತ್ತಿರ ಬಂದರು. ಅವರಿಗೆ ಕಂಡಿರಲಿಲ್ಲ. ಸೀಟಿ ತುಟಿಯ ಮೇಲಿತ್ತು, ಊದಿರಲಿಲ್ಲ. ನನ್ನ ಕೈ ಅಡ್ಡ ಇತ್ತು ಎಂದರೆ ಪಂದ್ಯ ಸಮ. ಪವಿತ್ರಾಳೂ ನನ್ನನ್ನೇ ನೋಡಿದಳು. ನನ್ನ ಕೈಗಳು ಎಲ್ಲಿದ್ದವು ಎಂದು ನಿಮಗೆ ಗುಟ್ಟಾಗಿ ಹೇಳುತ್ತೇನೆ: ಮಂಡಿಯ ಮೇಲಿದ್ದವು. ಏದುಸಿರು ಬಿಡುತ್ತಿದ್ದೆ!

ನಾನು ಕೈ ಎತ್ತಿದೆ. "ತಪ್ಪು ನಂದು ಅತ್ತೆ. ತಲುಪಲಿಲ್ಲ."

ಅತ್ತೆ ಊದಿದರು ನೋಡಿ, ಆ ಸೀಟಿ ಕ್ಯಾಸನೂರಿನ ಕಾಡಿಗೂ ಕೇಳಿಸಿರಬೇಕು! ಪವಿತ್ರಾಳ ಅತ್ತೆ ಸೊಸೆಯನ್ನು ಅಪ್ಪಿ ಹಿಡಿದು, "ನನ್ ಸೊಸೆ, ಏನಂತ ತಿಳ್ಕಂಡ್ರಿ!" ಎಂದು ಊರಿಗೆಲ್ಲ ಕೂಗಿದರು. "ಟೀಚರ್, ನೀವು ಯಾರ ಕಡೇರೀ?" ಎಂದು ನಮ್ಮ ಹುಡುಗನೊಬ್ಬ ಅಳುವ ದನಿಯಲ್ಲಿ ಕೇಳಿದ. ಅತ್ತೆಗೆ ಕೇಳಿಸಲಿಲ್ಲ. ಬಯಲಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ಆ ಅತ್ತೆ ಸೊಸೆಯನ್ನೇ ನೋಡುತ್ತಾ ನಿಂತಿದ್ದರು. ಒಬ್ಬ ಹುಡುಗಿಯ ಆಟ ನಿಲ್ಲಬಾರದೆಂದು ಎದುರಾಳಿ ಟೀಮನ್ನೇ ಕಟ್ಟಿ ಬೆಳೆಸಿದ ಹೆಂಗಸು ಈ ನಾಡಿನಲ್ಲಿ ಬೇರೆ ಯಾರಾದರೂ ಇದ್ದರೆ ತೋರಿಸಿ! ಸೋತು ನಿಂತಿದ್ದ ನನಗೂ ಆ ಕ್ಷಣ ಎದೆ ಉಬ್ಬಿತು. ಇವರು ನನ್ನ ಅತ್ತೆ ಎಂದು ನಾನೂ ಕೂಗಬೇಕು ಎನಿಸಿತು.

ಸಂಜೆಯ ಬಸ್ಸಿನಲ್ಲಿ ಅದೇ ಕಂಡಕ್ಟರ್. "ಏನಾತ್ರೀ ಟೀಚರ್?"

"ಗೆದ್ವಿ" ಎಂದರು ಅತ್ತೆ.

"ಸೋತ್ವಿ" ಎಂದೆವು ಎಂಟೂ ಜನ.

ಶಿರಾಳಕೊಪ್ಪ ದಾಟಿತು. ಪಕ್ಕದಲ್ಲಿ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು: "ನಿನ್ ಪಾಸ್ ಬಾಳ ಚಲೋ ಇರ್ತಾವಲ್ಲ. ಮೊದ್ಲು ಏನಾರ ಆಡ್ತಿದ್ಯೇನು?"

"ಥ್ರೋಬಾಲ್. ಕಾಲೇಜಿನಲ್ಲಿ ಮೂರು ವರ್ಷ. ನಾನೇ ಕ್ಯಾಪ್ಟನ್."

ನಿಮಗೂ ಹೇಳಿರಲಿಲ್ಲ, ಅಲ್ಲವೇ? ಯಾರಿಗೂ ಹೇಳಿರಲಿಲ್ಲ. ಮದುವೆಯಾದ ಮೇಲೆ ನನಗೇ ಮರೆತುಹೋಗಿತ್ತು.

"ಅಯ್ಯ! ಮತ್ತ ಆವತ್ತು ನೋಡಾಕ ಬಂದಾಗ ಯಾಕ ಹೇಳ್ಲಿಲ್ಲ?"

"ನೀವು ರೊಟ್ಟಿ ಕೇಳಿದ್ರಿ ಅತ್ತೆ" ಎಂದು ನಕ್ಕೆ. ತಮಾಷೆಗೇ ಹೇಳಿದ್ದು.

ಅತ್ತೆ ನಗಲಿಲ್ಲ. ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಬಲಗೈಯನ್ನು ಮೆಲ್ಲಗೆ ಮೇಲಕ್ಕೆತ್ತಿದರು.

ಕಂಡಕ್ಟರ್ ಸೀಟಿ ಊದಿಬಿಟ್ಟ! ಎರಡು ಹೊಲಗಳ ನಡುವೆ ಬಸ್ಸು ಗಕ್ಕನೆ ನಿಂತಿತು. "ಯಾಕ್ರೀ ಟೀಚರ್, ಕೈ ಎತ್ತಿದ್ರಿ? ಇಲ್ಲಿ ಯಾರು ಇಳಿಯೋರು?"

ಅತ್ತೆ ಕೈ ಇಳಿಸಲಿಲ್ಲ. ನಾನೇ ಅದನ್ನು ಹಿಡಿದು ಇಳಿಸಿ ನನ್ನ ಮಡಿಲಲ್ಲಿಟ್ಟುಕೊಂಡೆ.

"ಯಾರೂ ಇಳಿಯಲ್ಲಪ್ಪ" ಎಂದೆ. "ನಡಿ, ಹೋಗಣ."